ಸವಾಲಿಗೆ ಜವಾಬು: ನಾಗೇಶಿಯ ಹಾಡುಗಾರ್ತಿಯೂ ಹಿಪ್ ಹಾಪಿನ ಹೆಣ್ಣುದನಿಯೂ

ಘಟಪ್ರಭೆಯ ದಂಡೆಯ ಅನಗವಾಡಿಯಿಂದ ಮೊದಲ್ಗೊಂಡು ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳವರೆಗಿನ ಈ ನೆಲದಲ್ಲಿ ಗೀಗೀ ಪದದ ಹೆಸರು ಕೇಳದವರು ವಿರಳ. ಜಾತ್ರೆಯ ತೇರು ಎಳೆದು, ಪ್ರಸಾದವಾಗಿ, ರಾತ್ರಿ ಏರಿದ ಮೇಲೆ ಗುಡಿಯ ಮುಂದಿನ ಬಯಲಿನಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಮುಂದೆ ನಿಂತವರ ಕೈಯಲ್ಲಿ ದಪ್ಪು. ಹಿಂದೆ ನಿಂತವರ ಕೈಯಲ್ಲಿ ತುಂತುಣಿ, ತಾಳ. ಗಂಡು ಹೆಚ್ಚೆಂದು ಹರದೇಶಿ ಹಾಡುತ್ತದೆ. ಹೆಣ್ಣು ಹೆಚ್ಚೆಂದು ನಾಗೇಶಿ ಹಾಡುತ್ತದೆ. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ಜವಾಬು ಕೊಡಲೇಬೇಕು. ಕೊಡಲಾರದವರು ಸಭೆಯೆದುರು ತಲೆ ತಗ್ಗಿಸಬೇಕು. ಬೆಳಗಿನ ಕೋಳಿ ಕೂಗುವವರೆಗೂ ಈ ವಾದ ನಡೆಯುತ್ತದೆ, ಕುಳಿತ ಜನ ಕದಲುವುದಿಲ್ಲ.

ಈಚಿನ ದಿನಗಳಲ್ಲಿ ಇದೇ ಊರುಗಳ ಹುಡುಗ ಹುಡುಗಿಯರು ಕೈಯೊಳಗಿನ ಮೊಬೈಲಿನಲ್ಲಿ ಬೇರೊಂದು ಬಗೆಯ ಹಾಡನ್ನು ಆಲಿಸುತ್ತಿದ್ದಾರೆ. ರಾಗದ ವಿಸ್ತಾರವಿಲ್ಲದೆ, ತಾಳದ ಪೆಟ್ಟಿಗೆ ಮಾತನ್ನು ಜೋಡಿಸಿ, ಒಂದೇ ಉಸಿರಿಗೆ ನುಡಿಯುತ್ತ ಹೋಗುವ ಆ ಹಾಡಿಗೆ ರಾಪ್ ಎಂದು ಹೆಸರು. ಅದನ್ನು ಒಳಗೊಂಡ ಕಲಾಸಮೂಹಕ್ಕೆ ಹಿಪ್ ಹಾಪ್ ಎಂದು ಹೆಸರು. ಇದು ಪರದೇಶದ ಗದ್ದಲ, ನಮ್ಮ ಮಕ್ಕಳ ಕಿವಿ ಕೆಡಿಸುವ ವಸ್ತು ಎಂಬ ಅಭಿಪ್ರಾಯ ಹಿರಿಯರಲ್ಲಿ, ಅಧ್ಯಾಪಕರಲ್ಲಿ ಬಲವಾಗಿದೆ. ಅದರಲ್ಲಿ ಸ್ವಲ್ಪ ಸತ್ಯಾಂಶವೂ ಇಲ್ಲದಿಲ್ಲ. ಆದರೆ ಈ ಕಲೆಯನ್ನು ಹೆಂಗಸರು ಕೈಗೆ ತೆಗೆದುಕೊಂಡು ತಮ್ಮ ಹಕ್ಕಿನ, ನ್ಯಾಯದ ಮಾತಿಗೆ ಬಳಸಿಕೊಂಡ ಬಗೆಯನ್ನು ನೋಡಿದರೆ, ನಾಗೇಶಿಯ ಪದ ಕೇಳಿ ಬೆಳೆದವರಿಗೆ ಅದು ಅಪರಿಚಿತವೆನಿಸಲಾರದು. ಎಲ್ಲಿ ಅದು ನಾಗೇಶಿಯನ್ನು ಹೋಲುತ್ತದೆ, ಎಲ್ಲಿ ನಾಗೇಶಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಎಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಹರದೇಶಿ-ನಾಗೇಶಿಗಳ ಬೇರು ಶಿವ-ಶಕ್ತಿಯರ ತತ್ತ್ವವಿಚಾರದಲ್ಲಿದೆ. ನೆರೆಯ ಮರಾಠಿ ನಾಡಿನಲ್ಲಿ ಇವೇ ಪಕ್ಷಗಳಿಗೆ ತುರಾ ಮತ್ತು ಕಲ್ಗಿ ಎಂದು ಹೆಸರು. ಪುರುಷನಿಲ್ಲದೆ ಪ್ರಕೃತಿ ಜಡವೆಂದು ಒಂದು ಪಕ್ಷ ಸಾಧಿಸಿದರೆ, ಪ್ರಕೃತಿಯಿಲ್ಲದೆ ಪುರುಷನಿಗೆ ಚಲನೆಯೇ ಇಲ್ಲವೆಂದು ಇನ್ನೊಂದು ಪಕ್ಷ ಸಾಧಿಸುತ್ತದೆ. ವಾದ ಶಾಸ್ತ್ರದಲ್ಲಿ ಹುಟ್ಟಿದರೂ ಬಯಲಿಗೆ ಬಂದ ಮೇಲೆ ಅದಕ್ಕೆ ಸಂಸಾರದ ಮೈ ಬಂದಿತು. ಹೆತ್ತವಳು ಯಾರು, ಹಾಲೂಡಿದವಳು ಯಾರು, ಹೊಲದಲ್ಲಿ ಕಳೆ ಕಿತ್ತು ಮನೆಗೆ ಬಂದು ಮತ್ತೆ ಒಲೆ ಹೊತ್ತಿಸುವವಳು ಯಾರು ಎಂದು ನಾಗೇಶಿ ಕೇಳತೊಡಗಿತು. ತ್ರಿಮೂರ್ತಿಗಳನ್ನು ಕೂಸುಗಳನ್ನಾಗಿ ಮಾಡಿದ ಅನಸೂಯೆ, ಯಮನ ಬೆನ್ನು ಹತ್ತಿದ ಸಾವಿತ್ರಿ, ತುಂಬಿದ ಸಭೆಯಲ್ಲಿ ಧರ್ಮಪ್ರಶ್ನೆ ಎತ್ತಿದ ದ್ರೌಪದಿ, ಇವರೆಲ್ಲರೂ ಆ ಪಕ್ಷದ ಸಾಕ್ಷಿಗಳು. ನಾಗೇಶಿಯನ್ನು ಗಂಡಸರೂ ಹಾಡಿದ್ದುಂಟು; ಆದರೆ ಹೆಂಗಸರ ಮೇಳವೇ ನಿಂತು ದಪ್ಪು ಬಾರಿಸಿದಾಗ ಆ ವಾದಕ್ಕೆ ಬರುವ ಕಳೆಯೇ ಬೇರೆ. ಮನೆಯಲ್ಲಿ ಮಾವನೆದುರು ದನಿಯೆತ್ತದ ಸೊಸೆ, ಬಯಲಿನಲ್ಲಿ ತನ್ನಂಥದೇ ಒಬ್ಬ ಹೆಂಗಸು ಸಾವಿರ ಗಂಡಸರ ಎದುರು ಗಂಡಸಿನ ಅಹಂಕಾರವನ್ನು ತೊಳೆದುಹಾಕುವುದನ್ನು ಸೆರಗಿನ ಮರೆಯಲ್ಲಿ ನಗುತ್ತ ಕೇಳುತ್ತಿದ್ದಳು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಗೇಶಿಯ ಹೆಂಗಸು ಹಾಡುವ ಪದವನ್ನು ಕಟ್ಟಿದವನು ಬಹುಮಟ್ಟಿಗೆ ಗಂಡು ಕವಿ. ಪದದ ಕೊನೆಯ ನುಡಿಯಲ್ಲಿ ಬರುವ ಊರು ಆತನದು, ಗುರು ಆತನ ಗುರು, ಹೆಸರು ಆತನದು. ದನಿ ಮಾತ್ರ ಅವಳದು. ಅವಳು ಗೆಲ್ಲಿಸುವುದು ಹೆಣ್ಣೆಂಬ ತತ್ತ್ವವನ್ನು, ತನ್ನನ್ನಲ್ಲ. ತನ್ನ ಗಂಡ ಕುಡಿದು ಬಂದ ರಾತ್ರಿಯನ್ನಾಗಲಿ, ತನ್ನ ಮಗಳಿಗೆ ಹದಿಮೂರು ತುಂಬುವ ಮೊದಲೇ ಅಕ್ಕಿಕಾಳು ಬಿದ್ದುದನ್ನಾಗಲಿ ಅವಳು ಅಲ್ಲಿ ಹೇಳುವಂತಿಲ್ಲ. ಆದಿಶಕ್ತಿಯ ಪರವಾಗಿ ಇಡೀ ರಾತ್ರಿ ವಾದಿಸಿ ಗೆದ್ದವಳು ಬೆಳಗಾದ ಮೇಲೆ ತನ್ನ ಪರವಾಗಿ ಒಂದು ಮಾತು ಆಡಲಾರದೆ ಊರಿಗೆ ಹಿಂದಿರುಗುತ್ತಿದ್ದಳು.

ಹಾಗಾದರೆ ಹೆಣ್ಣು ತನ್ನ ಮಾತನ್ನು ತಾನೇ ಕಟ್ಟಿದ್ದು ಎಲ್ಲಿ? ಬೀಸುಕಲ್ಲಿನ ಮುಂದೆ. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದ ಸಂಗತಿ ಕನ್ನಡಿಗರಿಗೆ ವಿದಿತವೇ ಆಗಿದೆ. ತವರಿನ ಹಂಬಲ, ಬಂಜೆಯ ಸಂಕಟ, ಸವತಿಯ ಕಾಟ, ಅತ್ತೆಯ ಬಿರುನುಡಿ ಎಲ್ಲವೂ ಆ ಮೂರು ಸಾಲುಗಳಲ್ಲಿ ಅಡಗಿವೆ. ಅಲ್ಲಿ ಮಾತು ಹೆಣ್ಣಿನದೇ. ಆದರೆ ಕೇಳುವವರು ಬೀಸುವ ಜೊತೆಗಾತಿ, ತೊಟ್ಟಿಲ ಕೂಸು, ಇನ್ನೂ ಹರಿಯದ ಬೆಳಗು. ಸಭೆಯಿಲ್ಲ. ಕಟ್ಟಿದವಳ ಹೆಸರೂ ಇಲ್ಲ. ಯಾವ ಊರಿನ ಯಾವ ತಾಯಿ ಆ ತ್ರಿಪದಿಯನ್ನು ಮೊದಲು ನುಡಿದಳೆಂಬುದನ್ನು ಇನ್ನು ಯಾರೂ ಹೇಳಲಾರರು. ನಾಗೇಶಿಗೆ ಸಭೆಯುಂಟು, ಸ್ವಂತ ಮಾತಿಲ್ಲ; ಗರತಿಗೆ ಸ್ವಂತ ಮಾತುಂಟು, ಸಭೆಯಿಲ್ಲ. ಇಬ್ಬರಿಗೂ ಹೆಸರಿಲ್ಲ. ಮಾತು, ಸಭೆ, ಹೆಸರು ಈ ಮೂರೂ ಒಬ್ಬ ಹೆಣ್ಣಿನಲ್ಲಿ ಕೂಡಿ ಬರುವುದು ಎಷ್ಟು ದುರ್ಲಭವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಕಡಲಾಚೆಗೆ ಹೋಗಬಹುದು.

ಹಿಪ್ ಹಾಪ್ ಹುಟ್ಟಿದ್ದು ಅಮೇರಿಕೆಯ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ. ಕರಿಯ ಜನರೂ, ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರೂ ವಾಸಿಸುತ್ತಿದ್ದ ಬಡವರ ಕೇರಿ ಅದು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ಕಟ್ಟಡದಲ್ಲಿ ನಡೆದ ಒಂದು ಸಂತೋಷಕೂಟವನ್ನು ಅದರ ಜನ್ಮದಿನವೆಂದು ಎಣಿಸುವುದು ವಾಡಿಕೆ. ಅಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸಿದವನು ಕೂಲ್ ಹರ್ಕ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಕ್ಲೈವ್ ಕ್ಯಾಂಪ್‌ಬೆಲ್. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ನಡುವೆ ಬರುವ ಬರಿಯ ತಾಳದ ಭಾಗವನ್ನು ಮತ್ತೆ ಮತ್ತೆ ನುಡಿಸಿ ಉದ್ದಗೊಳಿಸುವ ಚಾತುರ್ಯ ಅವನದು. ಆದರೆ ಆ ಕೂಟವನ್ನು ಏರ್ಪಡಿಸಿದವಳು ಅವನ ತಂಗಿ ಸಿಂಡಿ. ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಾಗಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನವಿಟ್ಟು ಅವಳು ಜನ ಸೇರಿಸಿದಳು. ಇಂದು ಜಗತ್ತನ್ನೆಲ್ಲ ವ್ಯಾಪಿಸಿದ ಕಲೆಯ ಹಿಂದೆ ಶಾಲೆಯ ಬಟ್ಟೆಗಾಗಿ ದುಡ್ಡು ಕೂಡಿಸಿದ ಹುಡುಗಿಯೊಬ್ಬಳಿದ್ದಾಳೆ ಎಂಬುದನ್ನು ಬಹಳ ಕಾಲ ಯಾರೂ ದೊಡ್ಡದಾಗಿ ಹೇಳಲಿಲ್ಲ.

ಈ ಕಲೆಗೆ ನಾಲ್ಕು ಅಂಗಗಳನ್ನು ಹೇಳುತ್ತಾರೆ: ತಟ್ಟೆ ನುಡಿಸುವುದು, ತಾಳಕ್ಕೆ ಮಾತು ಕಟ್ಟುವುದು, ನೆಲದ ಮೇಲೆ ಹೊರಳಿ ಕುಣಿಯುವುದು, ಗೋಡೆಯ ಮೇಲೆ ಬಣ್ಣದಲ್ಲಿ ಬರೆಯುವುದು. ಮಾತು ಕಟ್ಟುವವರಿಗೆ ಎಂ.ಸಿ. ಎಂದು ಬಿರುದು. ಅದು ನಮ್ಮ ಆಟಗಳ ಸೂತ್ರಧಾರ ಎಂಬ ಮಾತಿಗೆ ತೀರ ಹತ್ತಿರದ್ದು. ಛಂದಸ್ಸನ್ನು ಬಲ್ಲವರಿಗೆ ಇಲ್ಲಿ ಒಂದು ಕೌತುಕವಿದೆ. ರಾಪಿನ ಒಂದು ಸಾಲು ನಾಲ್ಕು ಪೆಟ್ಟುಗಳದು, ಒಂದೊಂದು ಪೆಟ್ಟನ್ನು ಮತ್ತೆ ನಾಲ್ಕಾಗಿ ಒಡೆದು ಅಕ್ಷರಗಳನ್ನು ತುಂಬುತ್ತಾರೆ, ಒಟ್ಟು ಹದಿನಾರು. ಹರಿಹರನು ಬಳಸಿದ ಮಂದಾನಿಲ ರಗಳೆಯ ಸಾಲೂ ನಾಲ್ಕು ಗಣಗಳ ಹದಿನಾರು ಮಾತ್ರೆಗಳದೇ. ರಗಳೆಯಂತೆ ಇಲ್ಲಿಯೂ ಸಾಲುಗಳಿಗೆ ಮಿತಿಯಿಲ್ಲ, ಅಂತ್ಯಪ್ರಾಸ ಬೇಕೇಬೇಕು, ನಿಂತಲ್ಲಿ ನಿಲ್ಲದೆ ಓಡುವುದೇ ಗುಣ. ಒತ್ತಕ್ಷರಗಳಿಂದ ತುಂಬಿದ ಕನ್ನಡ ಈ ಓಟಕ್ಕೆ ಚೆನ್ನಾಗಿ ಒಗ್ಗುತ್ತದೆಂಬುದನ್ನು ಈಗಿನ ಕನ್ನಡ ರಾಪುಗಾರರು ತೋರಿಸಿಕೊಟ್ಟಿದ್ದಾರೆ. ಒಂದರಿಂದ ಇನ್ನೊಂದು ಬಂದಿತೆಂದು ಇದರ ಅರ್ಥವಲ್ಲ. ತಾಳಕ್ಕೆ ಮಾತು ಹೇಳಹೊರಟವರು ಯಾವ ದೇಶದವರಾದರೂ ಒಂದೇ ಬಗೆಯ ಗಣಿತಕ್ಕೆ ಬಂದು ಮುಟ್ಟುವರೆಂದಷ್ಟೇ ತಿಳಿಯಬೇಕು.

ಹಿಪ್ ಹಾಪಿನ ಮೊದಲ ವರ್ಷಗಳಲ್ಲಿಯೇ ಹೆಂಗಸರಿದ್ದರು. 1979ರಲ್ಲಿ ಈ ಹಾಡನ್ನು ಬೀದಿಯಿಂದ ಧ್ವನಿಮುದ್ರಿಕೆಗೆ ತಂದು ದೇಶಕ್ಕೆಲ್ಲ ಕೇಳಿಸಿದ ಶುಗರ್ ಹಿಲ್ ಸಂಸ್ಥೆಯನ್ನು ನಡೆಸಿದವಳು ಸಿಲ್ವಿಯಾ ರಾಬಿನ್ಸನ್. ಅದೇ ವರ್ಷ ಅದೇ ಸಂಸ್ಥೆಯಿಂದ ‘ದಿ ಸೀಕ್ವೆನ್ಸ್’ ಎಂಬ ಮೂವರು ಹುಡುಗಿಯರ ಬಳಗದ ಮುದ್ರಿಕೆಯೂ ಹೊರಬಿತ್ತು. ಆದರೆ ನಾಗೇಶಿಯ ಊರಿನವರು ತಿಳಿಯಬೇಕಾದ ಮುಖ್ಯ ಸಂಗತಿ 1984ರದು. ಯು.ಟಿ.ಎಫ್.ಒ. ಎಂಬ ಗಂಡಸರ ಬಳಗ ಆ ವರ್ಷ ಒಂದು ಹಾಡನ್ನು ಹಾಡಿತು. ರಾಕ್ಸಾನ್ ಎಂಬ ಹುಡುಗಿ ಬೀದಿಯಲ್ಲಿ ಹೋಗುತ್ತಾಳೆ. ಒಬ್ಬೊಬ್ಬರಾಗಿ ಮಾತನಾಡಿಸಲು ಹೋದವರನ್ನು ಅವಳು ಲಕ್ಷಿಸುವುದಿಲ್ಲ. ಅದಕ್ಕಾಗಿ ಅವಳನ್ನು ಸೊಕ್ಕಿನವಳೆಂದು ಜರೆಯುತ್ತಾರೆ. ಹಾಡು ಬಹಳ ಜನಪ್ರಿಯವಾಯಿತು. ಕ್ವೀನ್ಸ್‌ಬ್ರಿಜ್ ಎಂಬ ಸರಕಾರಿ ವಸತಿಯ ಲೊಲಿಟಾ ಶಾಂಟೆ ಗುಡನ್ ಎಂಬ ಬಾಲಿಕೆಗೆ ಆಗ ಹದಿನಾಲ್ಕು ವರ್ಷ. ಅವಳು ರಾಕ್ಸಾನ್ ಶಾಂಟೆ ಎಂಬ ಹೆಸರು ತಾಳಿ, ಹಾಡಿನೊಳಗಿನ ಹುಡುಗಿ ತಾನೇ ಎಂಬಂತೆ ನಿಂತು, ‘ರಾಕ್ಸಾನ್ಸ್ ರಿವೆಂಜ್’ ಎಂಬ ಜವಾಬು ಕೊಟ್ಟಳು. ಮೂವರನ್ನೂ ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕೆಡಹಿದಳು. ಅದಕ್ಕೆ ಪ್ರತಿಯಾಗಿ ಅವರು, ಅವರ ಪರವಾಗಿ ಇನ್ನೊಬ್ಬರು, ಅವರ ವಿರುದ್ಧ ಮತ್ತೊಬ್ಬರು ಹೀಗೆ ಸವಾಲು-ಜವಾಬುಗಳ ಹತ್ತಾರು ಹಾಡುಗಳು ಹೊರಬಂದು, ಅದಕ್ಕೆ ರಾಕ್ಸಾನ್ ಕಾಳಗ ಎಂದೇ ಹೆಸರಾಯಿತು.

ಇದು ಹರದೇಶಿ-ನಾಗೇಶಿಯಲ್ಲದೆ ಮತ್ತೇನು? ಭೇದವೊಂದೇ. ಗಂಡಸರು ಕಟ್ಟಿದ ಕಥೆಯಲ್ಲಿ ಮಾತಿಲ್ಲದೆ ನಡೆದುಹೋಗುತ್ತಿದ್ದ ಹೆಣ್ಣುಪಾತ್ರ ಹೊರಳಿ ನಿಂತು ‘ನಾನು’ ಎಂದು ಮಾತನಾಡಿತು, ಆ ಮಾತನ್ನು ಯಾವ ಕವಿಯೂ ಅವಳಿಗೆ ಬರೆದುಕೊಡಲಿಲ್ಲ. ಬೀದಿಯಲ್ಲಿ ನಡೆದು ಹೋಗುವ ಹೆಣ್ಣಿಗೆ ಯಾರ ಮಾತಿಗೂ ಉತ್ತರಿಸದಿರುವ ಹಕ್ಕಿದೆ ಎಂಬ ಸಣ್ಣ ಸಂಗತಿ ಆ ಹಾಡಿನ ತಿರುಳು. ಅದು ಸಣ್ಣದಲ್ಲವೆಂಬುದನ್ನು ಬಸ್ ನಿಲ್ದಾಣದಲ್ಲಿ ಶಾಲೆಯ ಬಸ್ಸಿಗೆ ಕಾಯುವ ಹುಡುಗಿಯರು ಬಲ್ಲರು.

ಮುಂದೆ ಈ ದನಿ ಬಲಿಯಿತು. ಎಂ.ಸಿ. ಲೈಟ್ 1988ರಲ್ಲಿ ತನ್ನದೇ ಪೂರ್ಣ ಸಂಕಲನವನ್ನು ಹೊರತಂದಳು. ಮರುವರ್ಷ ಕ್ವೀನ್ ಲತೀಫಾ ಎಂಬವಳು, ಇಂಗ್ಲೆಂಡಿನ ಮೋನಿ ಲವ್‌ಳೊಡನೆ ಕೂಡಿ ‘ಲೇಡೀಸ್ ಫಸ್ಟ್’ ಎಂಬ ಹಾಡನ್ನು ಹಾಡಿದಳು. ಅದರ ಚಿತ್ರಿಕೆಯಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧದ ಹೋರಾಟದ ದೃಶ್ಯಗಳನ್ನು ಅಳವಡಿಸಲಾಗಿತ್ತು. 1993ರ ಅವಳ ‘ಯುನಿಟಿ’ ಎಂಬ ಹಾಡು ಬೀದಿಯ ಕೀಟಲೆಯನ್ನೂ, ಮನೆಯೊಳಗಿನ ಹೊಡೆತವನ್ನೂ, ಹೆಣ್ಣನ್ನು ಹೀನ ಹೆಸರಿನಿಂದ ಕರೆಯುವುದನ್ನೂ ನೇರವಾಗಿ ಖಂಡಿಸಿ, 1995ರಲ್ಲಿ ಗ್ರ್ಯಾಮಿ ಪುರಸ್ಕಾರವನ್ನು ಪಡೆಯಿತು. ಹಾಗೆ ಖಂಡಿಸಬೇಕಾಗಿ ಬಂದುದೇಕೆ? ಆ ಹೀನ ಹೆಸರುಗಳು ಹೊರಗಿನವರ ಬಾಯಲ್ಲಿ ಮಾತ್ರವಲ್ಲ, ಹಿಪ್ ಹಾಪಿನ ಗಂಡಸರ ಹಾಡುಗಳಲ್ಲಿಯೇ ತುಂಬಿದ್ದವು. ಹೆಣ್ಣನ್ನು ಭೋಗದ ಸರಕಾಗಿ ಬಣ್ಣಿಸಿದ ಹಾಡುಗಳಿಗೆ ಪೇಟೆಯಲ್ಲಿ ಬೆಲೆ ಹೆಚ್ಚಿತ್ತು, ಇಂದಿಗೂ ಇಳಿದಿಲ್ಲ. ಹಿರಿಯರು ಈ ಕಲೆಯ ಮೇಲೆ ಹೊರಿಸುವ ದೋಷ ಸುಳ್ಳಲ್ಲ ಎಂದು ಮೊದಲು ಹೇಳಿದುದು ಇದನ್ನೇ ಕುರಿತು. ಆದರೆ ಆ ದೋಷವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿ ಹೇಳಿದವರು ಆ ಕಲೆಯೊಳಗಿನ ಹೆಂಗಸರೇ. ಪ್ರೀತಿಸುವ ಕಲೆಯೇ ತಮ್ಮನ್ನು ಜರೆಯುವಾಗ ಅದನ್ನು ಬಿಟ್ಟು ಹೋಗದೆ ಒಳಗಿದ್ದೇ ಜಗಳವಾಡುವ ಈ ನಿಲುವಿಗೆ, 1999ರಲ್ಲಿ ಜೋನ್ ಮಾರ್ಗನ್ ಎಂಬ ಲೇಖಕಿ ಹಿಪ್ ಹಾಪ್ ಸ್ತ್ರೀವಾದ ಎಂದು ಹೆಸರಿಟ್ಟಳು. ಹರದೇಶಿಯ ಪದಗಳಲ್ಲಿ ಹೆಣ್ಣನ್ನು ಹಳಿಯುವ ನುಡಿಗಳಿಗೆ ಬರವಿಲ್ಲ. ಹಾಗೆಂದು ನಾಗೇಶಿಯ ಮೇಳ ದಪ್ಪು ಕೆಳಗಿಟ್ಟು ಹೋದುದುಂಟೆ?

ಬಾಗಲಕೋಟೆ ಜಿಲ್ಲೆಯವರಿಗೆ ಎದೆಗೆ ತಾಕುವಂಥ ಒಂದು ನಿದರ್ಶನ ಅಫಘಾನಿಸ್ತಾನದ್ದು. ಸೋನಿತಾ ಅಲಿಜಾದೆ ಹೆರಾತ್ ನಗರದಲ್ಲಿ ಹುಟ್ಟಿ, ಯುದ್ಧದ ದೆಸೆಯಿಂದ ಇರಾನಿಗೆ ವಲಸೆ ಹೋದ ಹುಡುಗಿ. ಅವಳ ಅಣ್ಣನ ಮದುವೆಗೆ ತೆರ ಕೊಡಲು ಹಣ ಸಾಲದಾದಾಗ, ಸೋನಿತಾಳನ್ನು 9,000 ಡಾಲರಿಗೆ ಮದುವೆ ಮಾಡಿಕೊಟ್ಟು ಆ ಹಣವನ್ನು ಹೊಂದಿಸುವ ಆಲೋಚನೆ ಮನೆಯವರದಾಯಿತು. ಹೆಣ್ಣೊಬ್ಬಳು ಬಹಿರಂಗವಾಗಿ ಒಬ್ಬಳೇ ಹಾಡುವುದಕ್ಕೆ ನಿರ್ಬಂಧವಿರುವ ಆ ದೇಶದಲ್ಲಿ, 2014ರಲ್ಲಿ ಅವಳು ಒಂದು ರಾಪನ್ನು ಮುದ್ರಿಸಿ ಲೋಕಕ್ಕೆ ಬಿಟ್ಟಳು. ಮಾರಾಟಕ್ಕಿಟ್ಟ ಹೆಣ್ಣುಮಕ್ಕಳು ಎಂಬುದು ಅದರ ಹೆಸರಿನ ತಾತ್ಪರ್ಯ. ಮದುವಣಗಿತ್ತಿಯ ಉಡುಗೆ ತೊಟ್ಟು, ಹಣೆಯ ಮೇಲೆ ಅಂಗಡಿಯ ಸಾಮಾನಿಗೆ ಅಂಟಿಸುವ ಗೆರೆಗಳ ಬೆಲೆಚೀಟಿ ಬರೆದುಕೊಂಡು, ಮುಖದ ಮೇಲೆ ಹೊಡೆತದ ಗುರುತು ಬಳಿದುಕೊಂಡು ಅವಳು ಹಾಡುತ್ತಾಳೆ. ಹಾಡು ದೇಶದೇಶಗಳನ್ನು ಮುಟ್ಟಿತು, ಮದುವೆ ತಪ್ಪಿತು, ಓದಲು ಅವಳು ಅಮೇರಿಕೆಗೆ ಹೋದಳು. ನಮ್ಮಲ್ಲಿ ಹಣ ಹರಿಯುವ ದಿಕ್ಕು ಬೇರೆ, ಗಂಡಿನ ಮನೆಗೆ ವರದಕ್ಷಿಣೆಯಾಗಿ ಹರಿಯುತ್ತದೆ. ಆದರೆ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿದ್ದ ಹೆಸರು ದೀಪಾವಳಿಯ ರಜೆಯ ಬಳಿಕ ಕಾಣದೆ ಹೋಗುವುದನ್ನು ಈ ಭಾಗದ ಅಧ್ಯಾಪಕರು ಅರಿಯರೆ? 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಇದ್ದೂ ಹುಡುಗಿಯ ಪರವಾಗಿ ಮಾತನಾಡುವವರು ಮನೆಯಲ್ಲಿ ಇಲ್ಲದಿರುವಾಗ, ಅವಳೇ ತನ್ನ ಮಾತನ್ನು ಆಡಬಲ್ಲವಳಾಗುವುದು ಎಂಥ ಬಲವೆಂಬುದು ಸೋನಿತಾಳಿಂದ ತಿಳಿಯುತ್ತದೆ.

ಭಾರತದಲ್ಲಿ ಈ ಕಲೆ ಹೆಂಗಸರ ಕೈಯಲ್ಲಿ ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಚೆನ್ನೈನ ಸೋಫಿಯಾ ಅಶ್ರಫಳ ಹಾಡೊಂದು ಸಾಕ್ಷಿ. ಕೊಡೈಕೆನಾಲಿನಲ್ಲಿ ಹಿಂದುಸ್ತಾನ್ ಯುನಿಲಿವರ್ ಸಂಸ್ಥೆಯ ಉಷ್ಣಮಾಪಕ ತಯಾರಿಸುವ ಕಾರಖಾನೆಯೊಂದಿದ್ದಿತು. ಪಾದರಸದ ಮಾಲಿನ್ಯದ ವಿಷಯ ಬಯಲಾದ ಮೇಲೆ ಅದು 2001ರಲ್ಲಿ ಮುಚ್ಚಿತು. ದುಡಿದವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರೂ ದೂರದವರ ಕಿವಿಗೆ ಅದು ಬೀಳಲಿಲ್ಲ. 2015ರ ಜುಲೈಯಲ್ಲಿ ಸೋಫಿಯಾ ಅಮೇರಿಕದ ಜನಪ್ರಿಯ ರಾಪೊಂದರ ಮಟ್ಟನ್ನು ಹಿಡಿದು ‘ಕೊಡೈಕೆನಾಲ್ ವೋಂಟ್’ ಎಂಬ ಪದ ಕಟ್ಟಿದಳು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಅದನ್ನು ಕಂಡರು. 2016ರ ಮಾರ್ಚಿಯಲ್ಲಿ ಸಂಸ್ಥೆಯು 591 ಮಂದಿ ಮಾಜಿ ಕಾರ್ಮಿಕರೊಡನೆ ಒಪ್ಪಂದ ಮಾಡಿಕೊಂಡಿತು. ಹಾಡೊಂದರಿಂದಲೇ ಇದಾಯಿತೆಂದರೆ ಆ ಕಾರ್ಮಿಕರ ಹದಿನೈದು ವರ್ಷಗಳ ಹೋರಾಟಕ್ಕೆ ಅನ್ಯಾಯ ಮಾಡಿದಂತಾದೀತು. ಹಾಡು ಆ ಹೋರಾಟಕ್ಕೆ ಸಭೆಯನ್ನು ಕೂಡಿಸಿಕೊಟ್ಟಿತು. ಪಂಜಾಬಿನ ಜಲಂಧರದ ಗಿನ್ನಿ ಮಾಹಿ ಎಂಬ ಯುವತಿ 2016ರ ಹೊತ್ತಿಗೆ, ಬೈಗುಳವಾಗಿ ಬಳಕೆಯಲ್ಲಿದ್ದ ತನ್ನ ಜಾತಿಯ ಹೆಸರನ್ನೇ ಹಾಡಿನ ಹೆಸರನ್ನಾಗಿ ಮಾಡಿಕೊಂಡು, ಅಂಬೇಡ್ಕರರನ್ನೂ ರವಿದಾಸರನ್ನೂ ಕೊಂಡಾಡುತ್ತ ಹೆಸರಾದಳು. ಅವಳ ಹಾಡು ಪೂರ್ತಿ ಹಿಪ್ ಹಾಪಲ್ಲ. ಪಂಜಾಬಿ ಜನಪದಕ್ಕೆ ಅದರ ತಾಳವನ್ನು ಬೆರೆಸಿದ್ದು.

ಕನ್ನಡದ ನಂಟು ಎರಡು ಕಡೆ ಇದೆ. ಬೆಂಗಳೂರಿನ ಸಿರಿ ನಾರಾಯಣ್ ಎಂಬ ಯುವತಿ ಸಿರಿ ಎಂಬ ಹೆಸರಿನಿಂದ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ರಾಪ್ ಕಟ್ಟಿ ಹಾಡುತ್ತಾಳೆ. ಗಂಡಸರೇ ತುಂಬಿದ ಕನ್ನಡ ರಾಪಿನ ಬಯಲಿಗೆ ಇದು ಅಪರೂಪದ ಪ್ರವೇಶ. ಇನ್ನೊಂದು, ಮುಂಬಯಿಯ ‘ವೈಲ್ಡ್ ವೈಲ್ಡ್ ವಿಮೆನ್’ ಎಂಬ ಬಳಗ. ಹೆಣ್ಣುಮಕ್ಕಳೇ ಕೂಡಿ ಕಟ್ಟಿದ ಭಾರತದ ಮೊದಲ ಹಿಪ್ ಹಾಪ್ ಬಳಗವೆಂದು ಹೆಸರು ಪಡೆದ ಇದರಲ್ಲಿ ಹಾಡುವವರ ಜೊತೆಗೆ ಕುಣಿಯುವವರೂ ಗೋಡೆಚಿತ್ರ ಬರೆಯುವವರೂ ಇದ್ದಾರೆ. ಹಾಡುಗಳು ಹಲವು ಭಾಷೆಗಳಲ್ಲಿವೆ. ಇದನ್ನು ಕಟ್ಟಿದವರಲ್ಲಿ ಒಬ್ಬಳು ಕ್ರಾಂತಿನಾರಿ. ಅವಳ ಮನೆಯ ಹೆಸರು ಅಶ್ವಿನಿ ಹಿರೇಮಠ. ಹಿರೇಮಠ ಎಂಬ ಅಡ್ಡಹೆಸರು ಎತ್ತಣದೆಂಬುದನ್ನು ಈ ಸಂಪುಟದ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಕ್ರಾಂತಿನಾರಿ, ಕ್ವೀನ್ ಲತೀಫಾ, ರಾಕ್ಸಾನ್ ಶಾಂಟೆ ಇವೆಲ್ಲ ತಾವೇ ಇಟ್ಟುಕೊಂಡ ಹೆಸರುಗಳೆಂಬುದನ್ನು ಗಮನಿಸಬೇಕು. ತಂದೆಯ ಮನೆಯ ಹೆಸರೂ ಅಲ್ಲ, ಗಂಡನ ಮನೆಯ ಹೆಸರೂ ಅಲ್ಲ. ಮಾತಿಗೆ ಒತ್ತುವ ಮುದ್ರೆ. ಕನ್ನಡದಲ್ಲಿ ಇದಕ್ಕೆ ಅಂಕಿತವೆಂಬ ಶಬ್ದವಿದೆ. ಹನ್ನೆರಡನೆಯ ಶತಮಾನದಲ್ಲಿ ಹೆಣ್ಣು ತನ್ನ ಮಾತನ್ನು ಸಭೆಯಲ್ಲಿ ಅಂಕಿತದೊಡನೆ ನುಡಿದುದು ಜಗತ್ತಿನ ಸಾಹಿತ್ಯದಲ್ಲಿಯೇ ವಿರಳವಾದ ಘಟನೆ. ಆದರೂ ಅಲ್ಲೊಂದು ತೊಡಕು ಉಂಟು. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರು ಕೂಡಿಕೊಂಡಿದೆ. ಗಂಡನಿಗೇ ಕಾಯಕದ ಪಾಠ ಹೇಳಿದ ಗಟ್ಟಿಗಿತ್ತಿಯಾದರೂ ಹಾಗೆ. ಸೂಳೆ ಸಂಕವ್ವೆಯದು ಒಂದೇ ವಚನ ನಮಗೆ ಉಳಿದಿದೆ. ಲೋಕ ತನ್ನ ಮೇಲೆ ಹೊರಿಸಿದ ಹೆಸರನ್ನು ಮರೆಮಾಚದೆ, ತನ್ನ ವೃತ್ತಿಯ ಮಾತಿನಲ್ಲಿಯೇ ವ್ರತದ ನಿಷ್ಠೆಯನ್ನು ಹೇಳಿ, ನಿರ್ಲಜ್ಜೇಶ್ವರ ಎಂಬ ಅಂಕಿತವನ್ನು ಅವಳು ಒತ್ತಿದಳು. ಲಜ್ಜೆಯನ್ನು ಯಾರ ಮೇಲೆ ಹೇರಲಾಗಿತ್ತೋ ಅವಳೇ ಅದನ್ನು ಕಿತ್ತು ಹೆಸರಿನಲ್ಲಿಟ್ಟುಕೊಂಡಳು. ಜಲಂಧರದ ಯುವತಿ ಎಂಟುನೂರು ವರ್ಷಗಳ ತರುವಾಯ ತನ್ನ ಜಾತಿಯ ಹೆಸರಿಗೆ ಮಾಡಿದುದು ಇದಕ್ಕಿಂತ ಬಹಳ ಭಿನ್ನವಲ್ಲ.

ಬಹಿರಂಗದಲ್ಲಿ ಹಾಡುವ ಹೆಣ್ಣಿಗೆ ನಮ್ಮ ಸಮಾಜ ಕೊಟ್ಟ ಸ್ಥಾನವೆಂಥದು ಎಂಬ ಪ್ರಶ್ನೆಯನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾಗದು. ಮನೆಯೊಳಗೆ ಬೀಸುತ್ತ ಹಾಡಿದವಳು ಗರತಿ. ಬಯಲಿನಲ್ಲಿ ದಪ್ಪು ಹಿಡಿದು ಹಾಡಿದವಳಿಗೆ ಆ ಮಾತು ಸಲ್ಲಲಿಲ್ಲ. ನಾಗೇಶಿಯ ಹಾಡುಗಾರ್ತಿಯರಲ್ಲಿ, ಪಾರಿಜಾತದಾಟದ ಪಾತ್ರಧಾರಿಣಿಯರಲ್ಲಿ ಹಲವರು ದಲಿತರ ಕೇರಿಗಳಿಂದ, ದೇವದಾಸಿ ಮನೆತನಗಳಿಂದ ಬಂದವರು. ಅವರ ಕಲೆಗೆ ರಾತ್ರಿಯೆಲ್ಲ ತಲೆದೂಗಿದ ಊರು, ಹಗಲಿನಲ್ಲಿ ಅವರನ್ನು ಮನೆಯೊಳಗೆ ಕರೆಯಲಿಲ್ಲ. ಕೌಜಲಗಿ ನಿಂಗಮ್ಮನಂಥ ಶ್ರೇಷ್ಠ ಕಲಾವಿದೆಯ ಹೆಸರು ಪಾರಿಜಾತದೊಡನೆ ಉಳಿದಿದೆ. ಉಳಿಯದೆ ಹೋದ ಹೆಸರುಗಳೇ ಹೆಚ್ಚು. ದೇವದಾಸಿಯರಾಗಿ ಬಿಡುವುದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 1982ರಲ್ಲಿ ಆಯಿತು. ಇದೇ ಘಟಪ್ರಭೆಯ ಮೇಲ್ದಂಡೆಯಲ್ಲಿರುವ, ಗೋಕಾಕ ತಾಲೂಕಿನ ಘಟಪ್ರಭಾ ಊರಿನಲ್ಲಿ 1997ರಲ್ಲಿ ಆ ಪದ್ಧತಿಗೆ ಸಿಕ್ಕು ನೊಂದ ಹೆಂಗಸರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅವರು ರಾಪ್ ಹಾಡಿದವರಲ್ಲ. ಆದರೆ ಯಾರ ಕುರಿತು ಎಲ್ಲರೂ ಮಾತನಾಡುತ್ತಿದ್ದರೋ ಅವರೇ ಎದ್ದುನಿಂತು ಮಾತನಾಡಿದರೆಂಬಲ್ಲಿ, ಬ್ರಾಂಕ್ಸಿನ ಹೆಂಗಸರಿಗೂ ಘಟಪ್ರಭೆಯ ಹೆಂಗಸರಿಗೂ ದಾರಿ ಒಂದೇ.

ಹಾಡಿನಿಂದಲೇ ಅಂಥ ದಾರಿ ತೆಗೆದವರೂ ನಾಡಿನಲ್ಲಿದ್ದರು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೆನಿಸಿದವರು. ಅಕ್ಷರ ಕಲಿತವರಲ್ಲ. ಸಾರಾಯಿಯ ಕೇಡನ್ನು ತಮ್ಮ ಜನರಲ್ಲಿ ಕಣ್ಣಾರೆ ಕಂಡು, ಹೆಂಗಸರನ್ನು ಕೂಡಿಸಿ ಸಾರಾಯಿ ವಿರುದ್ಧದ ಚಳವಳಿಗೆ ಮುಂದಾಳಾದರು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಅದರ ಹಿಂದೆ ಇಂಥ ನೂರಾರು ಊರುಗಳ ಹೆಂಗಸರ ದನಿಯಿತ್ತು. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಈಚೆಗೆ ಜಾತ್ರೆಯ ಬಯಲಿನಲ್ಲಿ ಬೆಳತನಕ ಗೀಗೀ ಕೇಳುವ ಕಾಲ ಇಳಿಮುಖವಾಗಿದೆ. ನಾಗೇಶಿಯ ಮೇಳಗಳಲ್ಲಿ ಹಾಡಿದ ಹೆಂಗಸರು ಮುದುಕಿಯರಾಗಿದ್ದಾರೆ. ಅವರ ಹೆಣ್ಣುಮಕ್ಕಳು ಆ ದಪ್ಪನ್ನು ಹಿಡಿಯಲೊಲ್ಲರು, ಹಿಡಿದರೆ ಬರುವ ಹೆಸರಿಗೆ ಅಂಜುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ರಾಪನ್ನು ಹಾಡಲೇ ಎಂದು ಕೇಳುವ ವಿದ್ಯಾರ್ಥಿನಿಗೆ ಬೇಡವೆನ್ನುವ ಮೊದಲು, ಅದರ ಮಾತು ಯಾರು ಬರೆದುದೆಂದು ಕೇಳುವುದು ಅಧ್ಯಾಪಕರಿಗೆ ಉಚಿತ. ಸಿನಿಮಾದ್ದಾದರೆ ಆ ಮಾತು ಬೇರೆ. ಅವಳೇ ಬರೆದುದಾದರೆ, ಅದರಲ್ಲಿ ಪ್ರಾಸ ತಪ್ಪಿದ್ದರೆ ತಿದ್ದಿ, ನಿಜ ತಪ್ಪಿದ್ದರೆ ತಿಳಿಹೇಳಿ, ವೇದಿಕೆಯ ಮೇಲೆ ಕಳಿಸಬಹುದು. ಇದರ ಜೊತೆಗೆ ಇನ್ನೊಂದು ಕೆಲಸವಿದೆ. ಹಲಸಂಗಿಯವರು ಬೀಸುಕಲ್ಲಿನ ಮುಂದೆ ಮಾಡಿದುದನ್ನು ಬೀಳಗಿ, ಮುಧೋಳ, ಜಮಖಂಡಿ ಭಾಗದ ಹಳೆಯ ನಾಗೇಶಿ ಹಾಡುಗಾರ್ತಿಯರ ಮನೆಯಂಗಳದಲ್ಲಿ ಕುಳಿತು ಮಾಡಲು ಇನ್ನೂ ಕೆಲವು ವರ್ಷಗಳ ಅವಕಾಶವಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಧ್ವನಿಮುದ್ರಣ ಬಲ್ಲವರಿದ್ದಾರೆ, ದಾನಿಗಳಲ್ಲಿ ಮುದ್ರಣದ ವೆಚ್ಚ ಹೊರಬಲ್ಲವರಿದ್ದಾರೆ. ಹಾಗೆ ಬರೆದುಕೊಳ್ಳುವಾಗ ಪದದ ಕೆಳಗೆ ಕಟ್ಟಿದ ಕವಿಯ ಹೆಸರಿನೊಡನೆ ಹಾಡಿದವಳ ಹೆಸರು, ಅವಳ ಊರು, ಅವಳು ಮೊದಲ ಬಾರಿಗೆ ಹಾಡಿದ ಜಾತ್ರೆ ಇವನ್ನೂ ಬರೆಯಬೇಕು. ನಡುನಡುವೆ ಅವಳೇ ಸೇರಿಸಿದ ನುಡಿಗಳಿವೆಯೇ ಎಂದೂ ಕೇಳಬೇಕು. ಎದುರಿನವರ ಸವಾಲು ಕವಿ ಬರೆದುಕೊಟ್ಟುದಕ್ಕೆ ಹೊರತಾಗಿ ಬಂದಾಗ, ನಡುರಾತ್ರಿಯಲ್ಲಿ ಜವಾಬು ಹೊಳೆದುದು ಅವಳಿಗೇ.